ಕಳೆದ ಮೇಲೆ ಉಳಿದ ಬೆಳಕು

ಹೆಂಡತಿ ಬಿಟ್ಟುಹೋಗಿ ಮೂರು ವರ್ಷವಾಗಿದ್ದರೂ ಅವಳ ಕೈಬರಹ ಮಾತ್ರ ದಿನಾ ಬೆಳಿಗ್ಗೆ ತಪ್ಪದೆ ಬರುತ್ತಿತ್ತು. ಅವಳಿದ್ದದ್ದು ಭೂಮಿಯ ಇನ್ನೊಂದು ಮಗ್ಗುಲಿನ ದೂರದರ್ಶಕದ ಬಳಿ. ಅವಳು ಹಿಡಿದು ಕಳಿಸಿದ ನಕ್ಷತ್ರದ ಬೆಳಕನ್ನು ಬಿಡಿಸಿ ನೋಡುವುದು ಇವನ ಕೆಲಸ. ಫೋನಿಲ್ಲ, ಪತ್ರವಿಲ್ಲ, ಅಳತೆಗಳ ದಿನಚರಿ ಪುಟದ ಷರಾದಲ್ಲಿ ಒಂದು ಸಾಲು ಮಾತ್ರ, 'ಮೋಡ. ಮೂರು ಗಂಟೆ ಕಾದೆ.' ಕಾದದ್ದು ನಕ್ಷತ್ರಕ್ಕೆ ಎಂದು ಗೊತ್ತಿದ್ದೂ ಇವನು ಆ ಸಾಲನ್ನು ಎರಡು ಸಲ ಓದುತ್ತಿದ್ದ.

ಆ ನಕ್ಷತ್ರ ಅರವತ್ತು ದಿನಕ್ಕೊಮ್ಮೆ ಹತ್ತಿರ ಬಂದು ದೂರ ಸರಿಯುತ್ತಿತ್ತು, ಯಾರೋ ಕೈಹಿಡಿದು ತಿರುಗಿಸಿದ ಹಾಗೆ. ತಿರುಗಿಸುವವರ ತೂಕ ಮೂರು ಸೂರ್ಯರಷ್ಟು, ಮುಖವೇ ಕಾಣದು. ಬೆಳಕೇ ಇಲ್ಲವೆಂದಾದರೆ ಅದು ಕಪ್ಪುಕುಳಿ, ಇನ್ನೂ ಐದು ವರ್ಷ ಇಬ್ಬರೂ ಕೂಡಿ ನೋಡಬಹುದು. ಅಲ್ಲವೆಂದರೆ ಕಡತ ಮುಚ್ಚಿದಂತೆ, ಷರಾವೂ ನಿಂತಂತೆ.

"ಸಂಜೆ ಒಳಗೆ ಹೇಳ್ಬಿಡಪ್ಪ," ಎಂದರು ಮೇಲಧಿಕಾರಿ, ಮೂಗುದನಿಯಲ್ಲಿ. "ಕಪ್ಪೋ, ತಪ್ಪೋ?"

ಅವರು ಬಾಗಿಲು ದಾಟಿದ್ದೇ ತಡ, ಇವನು ಅದೇ ಮೂಗಿನಲ್ಲಿ ಅದನ್ನೇ ಅಂದ. ಪಕ್ಕದ ಮೇಜಿನವರು ನಕ್ಕರು. ಮೊದಲೆಲ್ಲ ಹೀಗೆ ಹೊಟ್ಟೆ ಹಿಡಿದು ನಗುತ್ತಿದ್ದ ಹೆಂಡತಿ, "ಎಲ್ಲರ ದನೀಲೂ ಮಾತಾಡ್ತೀಯ, ನಿನ್ನದು ಎಲ್ಲಿಟ್ಟಿದೀಯ?" ಎಂದು ಕೇಳಿಯೇ ಹೊರಟಿದ್ದಳು. ಅದಕ್ಕೂ ಇವನು ಅವಳ ಅಪ್ಪನ ದನಿಯಲ್ಲಿ ಉತ್ತರ ಕೊಟ್ಟಿದ್ದ.

ಉಳಿದದ್ದು ಒಂದೇ ಪರೀಕ್ಷೆ. ಒಟ್ಟು ಬೆಳಕಿನಿಂದ ಕಾಣುವ ನಕ್ಷತ್ರದ ಪಾಲನ್ನು ಪೂರ್ತಿ ಕಳೆದ. ಪರದೆಯ ಮೇಲೆ ಗೆರೆ ಮಟ್ಟಸವಾಗಿ ಮಲಗಿತು. ಕಪ್ಪೇ! ಆದರೆ ಅದು ಒಂದು ರಾತ್ರಿಯ ಬೆಳಕು ಅಷ್ಟೇ. ಅವಳು ಕಾದು ಕೂತು ಬೆಳಕು ಹಿಡಿದ ಎಂಬತ್ತು ರಾತ್ರಿಗಳನ್ನೂ ಹೊಂದಿಸಿ ಒಂದರ ಮೇಲೊಂದು ಪೇರಿಸಿದರೆ ಮಸುಕಾದದ್ದೇನಾದರೂ ಎದ್ದು ಬರಬಹುದು. ಪೇರಿಸದಿದ್ದರೆ ಕೇಳುವವರಿಲ್ಲ. ಕಾಫಿ ಆರಿ ಕೆನೆ ಕಟ್ಟಿತು. ಪೇರಿಸಿದ.

ಗೆರೆಯಲ್ಲಿ ಅಗಲವಾದ, ನಾಚಿಕೆಯ ತಗ್ಗುಗಳು ಕಂಡವು, ನಕ್ಷತ್ರದ ಬೆಳಕಿನಲ್ಲಷ್ಟೇ ಮೂಡುವಂಥವು. ಕಾಣುವ ನಕ್ಷತ್ರ ಹತ್ತಿರ ಬಂದಾಗಲೆಲ್ಲ ಅವು ದೂರ ಸರಿಯುತ್ತಿದ್ದವು. ಕುಳಿಯಲ್ಲ, ನಕ್ಷತ್ರವೇ. ಜೊತೆಯವನ ಥಳಕಿನಲ್ಲಿ ಇಷ್ಟು ದಿನ ಕಾಣದೆ ಹೋಗಿತ್ತು.

"ತಪ್ಪು, ಸಾರ್," ಎಂದು ಹೇಳಿ ಬಂದ. ಷರಾದಲ್ಲಿ ಬರೆದ: 'ಅಲ್ಲಿ ಬೆಳಕಿತ್ತು. ನಾನು ನೋಡಿರಲಿಲ್ಲ. ಇನ್ನು ಈ ಪುಟ ಬರುವುದಿಲ್ಲ. ಒಂದು ಸಲ ಮಾತಾಡಬಹುದಾ?'

ಮರುದಿನದ ಪುಟದಲ್ಲಿ ಅಳತೆಗಳಿರಲಿಲ್ಲ. ಒಂದು ಫೋನ್ ನಂಬರಿತ್ತು.

ನಂಬರು ಒತ್ತಿದ. ಅತ್ತ ಎತ್ತಿದರು. "ನಾನು," ಎಂದ.

"ಇವತ್ತು ಯಾರ ದನಿ?" ಎಂದಳು.

"ನಂದೇ," ಎಂದ. ಆ ದನಿಯ ಗುರುತು ಇವನಿಗೇ ಹತ್ತಲಿಲ್ಲ.

ಅವಳು ಫೋನಿಡಲಿಲ್ಲ.