ಸಾಧಾರಣ ಉಲ್ಕೆ

ಯತ್ತಪ್ಪ ತಲೆ ತಗ್ಗಿಸುವಂತಾಗಿದ್ದು ಒಂದೇ ಒಂದು ಪದದಿಂದ. ಆ ಪದ ಆಡಿದವರು ಕಾಲೇಜಿನ ಭೂವಿಜ್ಞಾನದ ಮೇಡಂ ದಾಕ್ಷಾಯಿಣಿ. ತಪ್ಪು ಹೇಳಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಸುಮ್ಮನಾಗಬಹುದಿತ್ತು. ಅವರು ಸರಿಯಾಗಿಯೇ ಹೇಳಿದ್ದರು.

ಜವನಗೊಂಡನಹಳ್ಳಿಯ ಯತ್ತಪ್ಪ ಹಿಂದೆ ಒಮಾನಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಒಮ್ಮೆ ಮರಳುಗಾಡಿನಲ್ಲಿ ಟೈರು ಪಂಕ್ಚರ್ ಆಗಿ ಕೆಳಗಿಳಿದಾಗ, ಕಣ್ಣು ಹಾಯುವಷ್ಟು ದೂರ ಇನ್ನೊಂದು ಕಲ್ಲಿಲ್ಲದ ಬೋಳು ನೆಲದ ಮೇಲೆ ಕರಿಕಲ್ಲೊಂದು ಬಿದ್ದಿತ್ತು. ಆಕಾಶದಿಂದಲ್ಲದೆ ಇನ್ನೆಲ್ಲಿಂದ ಬರಬೇಕು? ಊರಿಗೆ ತಂದ. ಊರಿನವರು ನಂಬಬೇಕಲ್ಲ. "ಹೊಸದುರ್ಗದ ಕಡೆ ಹೋಗಲೇ, ಇಂಥ ಕಬ್ಬಿಣದ ಕಲ್ಲು ಲಾರಿಗಟ್ಲೆ ಅವೆ," ಎಂದು ಅಂಗಡಿ ಮುರುಗಪ್ಪ ವರ್ಷಗಟ್ಟಲೆ ಕಾಲೆಳೆದ. ಅಯಸ್ಕಾಂತ ಹಿಡಿದರೆ ಅಂಟುತ್ತಿತ್ತು ಬೇರೆ.

ಮಗಳು ರಂಜಿತಾ ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಸೇರಿದ ಮೇಲೆ ಕಲ್ಲನ್ನು ಮೇಡಂಗೆ ಕೊಟ್ಟಳು. ಅವರು ಒಂದು ಚೂರು ಕೊಯ್ಯಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳಗೆಲ್ಲ ನವಣೆ ಕಾಳಿನಂಥ ಗುಂಡುಗಳು, ನಡುನಡುವೆ ಲೋಹದ ಚುಕ್ಕೆಗಳು. ದೊಡ್ಡ ಪ್ರಯೋಗಾಲಯಕ್ಕೂ ಕಳಿಸಿದರು. ಉಲ್ಕೆಯೇ ಹೌದು ಎಂದು ವರದಿ ಬಂತು.

ಕಾಲೇಜಿನಲ್ಲಿ ಸಮಾರಂಭ ಇಟ್ಟುಕೊಂಡರು. ಯತ್ತಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮುರುಗಪ್ಪನನ್ನೂ ಬಿಡದೆ ಊರಿನವರನ್ನು ಟೆಂಪೊದಲ್ಲಿ ತುಂಬಿಕೊಂಡು ಹೋದ. ಬಂದವರಿಗೆ ಅರ್ಥವಾಗಲಿ ಎಂದು ದಾಕ್ಷಾಯಿಣಿ ಇಂಗ್ಲಿಷ್ ವರದಿಯನ್ನು ಕನ್ನಡ ಮಾಡಿ ಓದಿದರು: "ಇದು ಶಿಲಾ ಉಲ್ಕೆ. ಇದರ ವರ್ಗ, ಸಾಧಾರಣ."

"ಸಾಧಾರಣದ್ದಂತೆ ಕಣಪ್ಪ," ಎಂದ ಮುರುಗಪ್ಪ. ಸಾಲಿಗೆ ಸಾಲೇ ನಕ್ಕಿತು. ಜನ ಖುಷಿಯಾಗಿದ್ದಾರೆ ಅಂದುಕೊಂಡು ಮೇಡಂ ಕೂಡ ನಕ್ಕರು. ಯತ್ತಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಶಾಲು ಹೊದಿಸಲು ಹೆಸರು ಕರೆಯುವ ಹೊತ್ತಿಗೆ ಅವನು ಊರಿನ ದಾರಿ ಹಿಡಿದು ಹಿರಿಯೂರಿನ ಬಸ್ಸಿನಲ್ಲಿದ್ದ.

ರಂಜಿತಾಳಿಂದ ವಿಷಯ ತಿಳಿದು ದಾಕ್ಷಾಯಿಣಿ ಭಾನುವಾರ ಅವಳ ಜೊತೆ ಊರಿಗೇ ಬಂದರು. ಮುರುಗಪ್ಪನ ಅಂಗಡಿ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಯತ್ತಪ್ಪ ಕೂತಿದ್ದ.

"ಯತ್ತಪ್ಪನವರೇ, ತಪ್ಪು ನಂದು," ಎಂದರು ಮೇಡಂ. "ಬೀಳೋ ಉಲ್ಕೆಗಳಲ್ಲಿ ಬಹುಪಾಲು ಈ ಜಾತಿಯವು, ಅದಕ್ಕೆ ಆ ಹೆಸರು ಅಷ್ಟೆ. ನಿಮ್ಮ ಕಲ್ಲು ಈ ಭೂಮಿಗಿಂತ ಹಳೇದು. ಈಗ ಅದಕ್ಕೊಂದು ಹೆಸರಿಡಬೇಕು. ಸಿಕ್ಕಿದ ಜಾಗದ ಹೆಸರೇ ಇಡೋದು. ಎಲ್ಲಿ ಸಿಕ್ತು ಅಂತ ನೀವು ಹೇಳ್ಬೇಕು."

ಯತ್ತಪ್ಪ ತಲೆ ಎತ್ತಲಿಲ್ಲ. ಗೇಲಿ ತಾಳಲಾರದೆ ಹಿಂದಿನ ದಿನವೇ ಇದೇ ಕಟ್ಟೆಯ ಮೇಲೆ ಒಂದು ಮಾತು ಆಡಿಬಿಟ್ಟಿದ್ದ. ಈಗ ಅದನ್ನೇ ಮತ್ತೆ ಆಡಬೇಕಾಯಿತು.

"ಮರಳುಗಾಡಲ್ಲಿ ಸಿಕ್ಕಿದ್ದಲ್ಲ ಮೇಡಮ್ಮೋರೆ. ಹೊಸದುರ್ಗದ ಹತ್ರ ಅದಿರಿನ ಲಾರಿಯಿಂದ ಬಿದ್ದಿತ್ತು, ತಂದಿಟ್ಕಂಡೆ. ತಮಾಷೆಗೆ ಹಂಗಂದಿದ್ದೆ."

ದಡ್ಡ ಅನ್ನಿಸಿಕೊಳ್ಳುವುದಕ್ಕಿಂತ ತಮಾಷೆಗಾರ ಅನ್ನಿಸಿಕೊಳ್ಳುವುದು ಮೇಲು ಎಂದು ಆ ಪುಣ್ಯಾತ್ಮನ ಲೆಕ್ಕ. ದಾಕ್ಷಾಯಿಣಿ ರಂಜಿತಾಳ ಕಡೆ ನೋಡಿದರು. ಉಲ್ಕೆ ಹೌದೋ ಅಲ್ಲವೋ ಎಂದು ಪ್ರಯೋಗಾಲಯ ಹೇಳಬಲ್ಲದು. ಎಲ್ಲಿ ಸಿಕ್ಕಿತು ಎಂದು ಹೇಳಬಲ್ಲವನು ಯತ್ತಪ್ಪ ಒಬ್ಬನೇ.

"ಯಾಕಪ್ಪ ಹಿಂಗಂತೀಯ?" ಎಂದಳು ರಂಜಿತಾ. "ನೀನು ಒಮಾನಿಂದ ಬಂದ ದಿನ ಬ್ಯಾಗಿಂದ ತೆಗ್ದು ಮೊದ್ಲು ನನ್ ಕೈಗೇ ಕೊಟ್ಟಿದ್ದೆ. ವಿಮಾನದಾಗೆ ತೊಡೆ ಮೇಲೆ ಇಟ್ಕಂಡು ಬಂದೆ ಅಂದಿದ್ದೆ. ನಂಗೆ ಚೆನ್ನಾಗಿ ನೆನಪೈತೆ."

ಮುರುಗಪ್ಪ ನಗುವುದನ್ನು ಬಿಟ್ಟು ಯತ್ತಪ್ಪನ ಕಡೆ ತಿರುಗಿದ. ಹೌದು ಅಂದಿದ್ದರೆ ಸಾಕಿತ್ತು.

"ಆಗ ಸಣ್ಣೋಳಿದ್ದೆ ನೀನು," ಎಂದ ಯತ್ತಪ್ಪ. "ಏನೋ ಕನಸು ಕಂಡಿರ್ತೀಯ."

ಕಟ್ಟೆ ನಕ್ಕಿತು, ಈ ಸಲ ರಂಜಿತಾಳನ್ನು ನೋಡಿ. ಅವಳು ಅಪ್ಪನ ಎದುರೇ ನಿಂತಿದ್ದಳು. ಯತ್ತಪ್ಪನಿಗೆ ಅವಳನ್ನು ನೋಡುವ ಮುಖವಿರಲಿಲ್ಲ. ಉಳಿದವರ ಜೊತೆ ಅವನೂ ನಕ್ಕ.