ನೂರು ಶಾಟಿಗೆ ಒಂದೇ ಪ್ಲೇಟು

ಬಾಣಸವಾಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಅಲಿಯಾ, ಪಾಠವಿದ್ದ ದಿನವೇ ಬೆಳಿಗ್ಗೆ ಹತ್ತಕ್ಕೆ ಶಿವಾಜಿನಗರದ ಅಪ್ಪನ ಪ್ರೆಸ್ಸಿಗೆ ಬಂದು ಕೂತಿದ್ದಳು. ಬರಲಿ, ಅಪ್ಪನ ಅಂಗಡಿ, ಬೇಡ ಅನ್ನುವವರು ಯಾರು? ಆದರೆ ಲ್ಯಾಪ್‌ಟಾಪನ್ನು ಮದುವೆ ಕಾರ್ಡಿನ ಕಟ್ಟಿನ ಮೇಲಿಟ್ಟುಕೊಂಡು ದುಪಟ್ಟಾದಲ್ಲಿ ಮೂಗೊರೆಸಿಕೊಳ್ಳುತ್ತಿದ್ದರೆ ಯಾರಾದರೂ ವಿಚಾರಿಸಲೇಬೇಕಲ್ಲ! ಅಪ್ಪ ಕಲೀಮುಲ್ಲಾ ಕಾಗದ ತರಲು ಹೋಗಿದ್ದರು. ಮೂವತ್ತು ವರ್ಷದಿಂದ ಅಲ್ಲಿ ಮಷಿನ್ ನಡೆಸುತ್ತಿರುವ ಮುನಿರಾಜಪ್ಪನೇ ಕೇಳಿದ.

"ಏನಮ್ಮಾ, ಯಾರೇನಂದ್ರು?"

"ಯಾರೂ ಏನೂ ಅನ್ಲಿಲ್ಲ ಅಂಕಲ್. ನಾನೇ ಎಡವಟ್ಟು ಮಾಡ್ಕೊಂಡೆ."

ವಿಷಯ ಇಷ್ಟು. ದೂರದ ದೇಶದಲ್ಲೊಂದು ಕ್ವಾಂಟಮ್ ಕಂಪ್ಯೂಟರ್ ಇದೆ. ಇಲ್ಲಿಂದಲೇ ಇಂಟರ್ನೆಟ್ಟಿನಲ್ಲಿ ಕೆಲಸ ಕಳಿಸಬಹುದು, ಬಳಸಿದಷ್ಟಕ್ಕೆ ದುಡ್ಡು. ಒಂದು ಸಲ ಓಡಿದರೆ ಅದು ಒಂದು ಶಾಟು, ಉತ್ತರ ಸೊನ್ನೆ ಅಥವಾ ಒಂದು. ಮಧ್ಯಾಹ್ನ ಮೂರಕ್ಕೆ ಹನ್ನೆರಡು ವಿದ್ಯಾರ್ಥಿಗಳೆದುರು ನೂರು ಶಾಟು ಓಡಿಸಿ ತೋರಿಸುತ್ತೇನೆಂದು ಅಲಿಯಾ ತಿಂಗಳಿಂದ ಹೇಳಿಕೊಂಡು ಓಡಾಡಿದ್ದಳು. ಕಾಲೇಜು ಕಷ್ಟಪಟ್ಟು ಐದು ಸಾವಿರ ಕೊಟ್ಟಿತ್ತು. ನಿನ್ನೆ ಸುಮ್ಮನೆ ನೂರು ಶಾಟು ಓಡಿಸಿ ನೋಡಿದ್ದಕ್ಕೇ ಎರಡು ಸಾವಿರದ ಆರುನೂರು ಗುಳುಂ! ಉಳಿದದ್ದು ಎರಡು ಸಾವಿರದ ನಾನೂರು. ಇವತ್ತಿನ ನೂರಕ್ಕೆ ಅದು ಸಾಲದು. ಮಕ್ಕಳಿಗೆ ಯಾವ ಮುಖ ತೋರಿಸುವುದು?

"ಶಾಟಿಗೆ ಒಂದೇ ರೂಪಾಯಿ ಅಂತ ಬರ್ದಿದ್ದಾರೆ ಅಂಕಲ್. ಬರೀ ಮೋಸ!"

"ಪೂರ್ತಿ ಓದಮ್ಮ."

"ಟಾಸ್ಕಿಗೆ, ಅಂದ್ರೆ ಒಂದು ಸಲ ಕೆಲ್ಸ ಕಳ್ಸಿದ್ದಕ್ಕೆ, ಇಪ್ಪತ್ತೈದು. ಶಾಟಿಗೆ ಒಂದು."

ಮುನಿರಾಜಪ್ಪ ಮಸಿ ಮೆತ್ತಿದ ಕೈ ಸೊಂಟಕ್ಕಿಟ್ಟು ನಕ್ಕ. "ಇದು ನಮ್ಮ ರೇಟ್ ಕಾರ್ಡೇ ಅಲ್ವಾ? ಅಚ್ಚಿನ ಪ್ಲೇಟು ಮಾಡ್ಸೋಕೆ ಒಂದು ರೇಟು, ಅದರಿಂದ ತೆಗ್ಯೋ ಕಾರ್ಡಿಗೆ ಇನ್ನೊಂದು. ನೀನು ಹೆಂಗೆ ಕಳ್ಸ್ದೆ?"

"ಒಂದು ಕಳ್ಸಿ, ಉತ್ತರ ನೋಡಿ, ಆಮೇಲೆ ಇನ್ನೊಂದು. ಪ್ರೋಗ್ರಾಮ್ ಹಾಗೇ ಬರ್ದೆ. ನಮ್ಮ ಅಬ್ಬಾ ಯಾವಾಗ್ಲೂ ಹೇಳ್ತಾರಲ್ಲ?"

ಹೇಳುತ್ತಾರೆ, ಯಾಕೆ ಹೇಳುವುದಿಲ್ಲ! ಒಮ್ಮೆ ಮದುಮಗನ ಹೆಸರು ತಪ್ಪಿ ಐನೂರು ಕಾರ್ಡು ರದ್ದಿಗೆ ಹೋದ ಮೇಲೆ ಕಲೀಮುಲ್ಲಾ ಅವರದು ಒಂದೇ ಮಂತ್ರ: ಒಂದು ತೆಗಿ, ಕಣ್ಣಿಂದ ನೋಡು, ಆಮೇಲೆ ಮುಂದಿನದು. ಅಲಿಯಾ ಅದನ್ನು ಕೇಳುತ್ತಲೇ ಬೆಳೆದವಳು.

"ನೋಡೋದು ಒಂದೊಂದೇ, ಸರಿ. ನೋಡ್ದಾಗೆಲ್ಲ ಪ್ಲೇಟ್ ಬಿಚ್ಚಿ ಹೊಸದು ಮಾಡಿಸ್ತೀವಾ? ನೂರು ಕಾರ್ಡಿಗೆ ನೂರು ಪ್ಲೇಟ್ ಮಾಡ್ಸಿದ್ದೀಯಲ್ಲಮ್ಮ, ತಾಯಿ!"

ಅಲಿಯಾ ಲ್ಯಾಪ್‌ಟಾಪನ್ನು ಹತ್ತಿರಕ್ಕೆಳೆದುಕೊಂಡು ಲೆಕ್ಕ ಹಾಕಿದಳು. ಒಂದೇ ಟಾಸ್ಕಿನಲ್ಲಿ ನೂರು ಶಾಟು ಕೇಳಿದರೆ ಇಪ್ಪತ್ತೈದಕ್ಕೆ ನೂರು ಸೇರಿ ನೂರಿಪ್ಪತ್ತೈದು. ಅಷ್ಟೇ! ಪ್ರೋಗ್ರಾಮಿನಲ್ಲಿ ತಿದ್ದಬೇಕಾದದ್ದು ಒಂದೇ ಸಾಲು. ಖುಷಿಗೆ ಅವಳು ಮುನಿರಾಜಪ್ಪನ ಮಸಿ ಕೈಯನ್ನೇ ಹಿಡಿದು ಕುಲುಕಿದಳು.

ಮೂರಕ್ಕೆ ಅವಳು ಒಬ್ಬಳೇ ಓಡಿಸಿ ತೋರಿಸಲಿಲ್ಲ. ಹನ್ನೆರಡು ಮಂದಿಯೂ ತಮ್ಮ ತಮ್ಮ ನೂರು ಶಾಟು ತಾವೇ ಕಳಿಸಿದರು. ಒಟ್ಟು ಸಾವಿರದ ಐನೂರು. ತರಗತಿಯ ಗಲಾಟೆಗೆ ಪ್ರಿನ್ಸಿಪಾಲರೇ ಎದ್ದು ಬಂದು, ಬೈಯುವುದು ಮರೆತು ಬಾಗಿಲಲ್ಲೇ ನಿಂತು ನೋಡಿದರು. ಉಳಿದ ದುಡ್ಡಿನಲ್ಲಿ ಅಲಿಯಾ ನೂರು ಶಾಟಿನ ಇನ್ನೊಂದು ಟಾಸ್ಕು ಕಳಿಸಿದಳು, ಮುನಿರಾಜಪ್ಪನ ಹೆಸರಿನಲ್ಲಿ.

ಸಂಜೆ ಅದರ ಪ್ರಿಂಟು ತಂದು ಅವನ ಕೈಗಿಟ್ಟಳು: ಸೊನ್ನೆ ಐವತ್ಮೂರು, ಒಂದು ನಲವತ್ತೇಳು.

"ನೂರರಲ್ಲಿ ನಲವತ್ತೇಳು ವೇಸ್ಟಾ? ನಿಮ್ಮಪ್ಪ ನನ್ನ ಸುಮ್ನೆ ಬಿಡ್ತಿದ್ರಾ?"

"ವೇಸ್ಟಲ್ಲ ಅಂಕಲ್. ಇದು ನಾಣ್ಯ ಚಿಮ್ಮಿದ ಹಾಗೆ, ಹೆಚ್ಚುಕಮ್ಮಿ ಅರ್ಧರ್ಧ ಬಂದ್ರೇನೇ ಸರಿ."

ಮುನಿರಾಜಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿದ. ಆಮೇಲೆ ಕಿವಿಯ ಹಿಂದಿನ ಕೆಂಪು ಪೆನ್ಸಿಲ್ ತೆಗೆದು, ಪ್ರತಿ ಪ್ರೂಫಿನ ಮೂಲೆಯಲ್ಲಿ ಬರೆಯುವಂತೆಯೇ ಬರೆದ: ಓಕೆ, ಪ್ರಿಂಟ್ ಮಾಡಿ.