ತನ್ನ ಮೊಲವನ್ನು ತಾನೇ ಕೊಂಡವಳು

ಬಟ್ಟೆಯ ಗೊಂಬೆ ಹೊಲಿಯುವ ಅವಳನ್ನು ಬೀದಿಯವರೆಲ್ಲ ಗೊಂಬೆಯಕ್ಕ ಎನ್ನುತ್ತಿದ್ದರು. ಗಂಡನ ಮನೆಗೆ ಬೆನ್ನು ಹಾಕಿ ಬಂದ ಮೇಲೆ ತಮ್ಮನ ಮನೆಯ ಹಿಂದಿನ ಕೋಣೆಯೇ ಅವಳ ಪ್ರಪಂಚ. ಕಿಟಕಿಗೆ ಒತ್ತಿಕೊಂಡ ಹೊಲಿಗೆ ಯಂತ್ರ, ಮಂಚದ ಕೆಳಗೆ ಹತ್ತಿಯ ಮೂಟೆ, ಗೋಡೆಯುದ್ದಕ್ಕೂ ಇನ್ನೂ ಕಣ್ಣು ಮೂಡದ ಮೊಲಗಳು, ಕರಡಿಗಳು. ಆನ್‌ಲೈನ್‌ನಲ್ಲಿ ಮಾರಾಟವಾಗಿ ಅವು ಕಂಡು ಕೇಳದ ಊರುಗಳಿಗೆ ಹೋಗುತ್ತಿದ್ದವು. ದುಡ್ಡು ಮಾತ್ರ ತಮ್ಮನ ಖಾತೆಗೆ ಬಂದು ಕೂರುತ್ತಿತ್ತು.

ತಮ್ಮನಿಗೆ ಬಣ್ಣದ ಅಂಗಡಿ. ಕೆಟ್ಟವನಲ್ಲ; ಅಕ್ಕ ಕೇಳಿದರೆ ಇಲ್ಲ ಎಂದವನಲ್ಲ. ಆದರೆ ಕೇಳಬೇಕು. ದಾರಕ್ಕೆಂದು ಕೇಳಬೇಕು, ಕನ್ನಡಕಕ್ಕೆಂದು ಕೇಳಬೇಕು, ಅವನು ಊಟ ಮುಗಿಸಿ ಕೈ ಒರೆಸಿಕೊಳ್ಳುವ ಹೊತ್ತು ನೋಡಿ ಕೇಳಬೇಕು. "ಯಾಕಕ್ಕಾ, ಮೊನ್ನೆ ತಾನೆ ಕೊಟ್ಟಿದ್ನಲ್ಲ?" ಎಂದು ನಗುತ್ತಲೇ ಕೊಡುತ್ತಿದ್ದ. ಆ ನಗುವೇ ಅವಳಿಗೆ ಮುಳ್ಳಾಗಿ ಚುಚ್ಚುತ್ತಿತ್ತು.

ಅದಕ್ಕೇ ಒಂದು ದಿನ ಬ್ಯಾಂಕಿಗೆ ಹೋಗಿ ತನ್ನ ಹೆಸರಿನಲ್ಲೇ ಖಾತೆ ತೆರೆದು ಬಂದಳು. ಇನ್ನು ಗಿರಾಕಿಗಳು ಕೊಟ್ಟ ದುಡ್ಡನ್ನು ಆ ಖಾತೆಗೆ ತಲುಪಿಸುವ ಕಂಪನಿಯೊಂದನ್ನು ಆರಿಸಿಕೊಳ್ಳಬೇಕಿತ್ತು. ತಮ್ಮನ ಹೆಂಡತಿ ಅಡುಗೆಮನೆಯ ಕೆಲಸ ಮುಗಿಸಿ, ಫೋನು ಹಿಡಿದು, ಮಂಚದ ಮೇಲೆ ಕಾಲು ಮಡಚಿ ಕೂತಳು.

"ಗಂಡು ನೋಡೋಕೆ ಕೂತ ಹಾಗಿದೆ ಅತ್ತಿಗೆ. ಮೂರು ಜನ ಬಂದಿದಾರೆ. ಗುಣ ಹೇಳ್ತೀನಿ, ಕೇಳಿ."

"ಒಬ್ಬನನ್ನ ಕಟ್ಟಿಕೊಂಡೇ ಈ ಗತಿ ಆಗಿರೋದು. ಹೇಳು."

"ಮೊದಲನೆಯವನು ಚುರುಕು. ಗಿರಾಕಿ ಕೊಟ್ಟ ಮಾರನೇ ದಿನವೇ ದುಡ್ಡು ನಿಮ್ಮ ಖಾತೆಗೆ. ಆದ್ರೆ ಒಂದೊಂದು ಗೊಂಬೆಗೂ ದೊಡ್ಡ ತುತ್ತು ಕಚ್ಕೋತಾನೆ."

"ಹೊಟ್ಟೆಬಾಕ ಅನ್ನು."

"ಎರಡನೆಯವನಿಗೆ ಕಮಿಷನ್ ಕಡಿಮೆ. ಆದ್ರೆ ಗೊಂಬೆ ಸಿಕ್ತು, ಚೆನ್ನಾಗಿದೆ ಅಂತ ಗಿರಾಕಿ ಒತ್ತೋವರೆಗೂ ದುಡ್ಡು ತನ್ನ ಹತ್ರಾನೇ ಇಟ್ಕೋತಾನೆ."

"ಅನುಮಾನದ ಪಿಶಾಚಿ. ಮೂರನೆಯವನು?"

"ಅವನಿಗೆ ಕಮಿಷನ್ನೇ ಬೇಡ. ತಿಂಗಳಿಗಿಷ್ಟು ಅಂತ ಕೊಟ್ಬಿಡ್ಬೇಕು. ಗೊಂಬೆ ಮಾರಾಟ ಆಗ್ಲಿ, ಬಿಡ್ಲಿ."

"ಇವನು ಥೇಟ್ ನನ್ನ ಗಂಡನೇ ಕಣೇ! ದುಡೀಲಿ, ಬಿಡ್ಲಿ, ಹೊತ್ತು ಹೊತ್ತಿಗೆ ಬಡಿಸ್ತಾ ಇರ್ಬೇಕು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿದ ಮೇಲೆ ಗೊಂಬೆಯಕ್ಕ ಕೇಳಿದಳು: "ಗಿರಾಕಿ ಬೇಡ ಅಂತ ವಾಪಸ್ ಕೊಟ್ರೆ? ಕಚ್ಚಿದ ತುತ್ತು ಉಗುಳ್ತಾರಾ?"

ತಮ್ಮನ ಹೆಂಡತಿ ಹುಡುಕಿಯೇ ಹುಡುಕಿದಳು. ಮೂವರೂ ಆ ಮಾತು ಬಂದಲ್ಲಿ ಸುತ್ತಿ ಬಳಸಿ ಬರೆದಿದ್ದರೇ ಹೊರತು ಹೌದು ಅಥವಾ ಇಲ್ಲ ಎನ್ನುವ ನೇರ ಉತ್ತರ ಎಲ್ಲಿಯೂ ಇರಲಿಲ್ಲ.

ಗೊಂಬೆಯಕ್ಕನಿಗೆ ಒಂದು ಅಭ್ಯಾಸ. ಹೊಸ ಬಟ್ಟೆ ತಂದರೆ ಮೊದಲು ಮೂಲೆಯಿಂದ ಚೂರು ಕತ್ತರಿಸಿ ಒಗೆದು ನೋಡುವಳು. ಬಣ್ಣ ಬಿಟ್ಟರೆ ಅದು ಮಗುವಿನ ಬಾಯಿಗೆ ಹೋಗುವ ಗೊಂಬೆಗಲ್ಲ. ಅಂಗಡಿಯವನು ಆಣೆ ಹಾಕಿ ಹೇಳಿದರೂ ಒಗೆಯದೆ ನಂಬಿದವಳಲ್ಲ. "ಇವರನ್ನೂ ಒಂದೊಂದು ಸಲ ಒಗೆದು ನೋಡೋಣ ಬಾ" ಎಂದಳು.

ಮೂರು ಕಡೆಯೂ ತನ್ನ ಹೆಸರು ಕೊಟ್ಟು ಆನ್‌ಲೈನ್ ಅಂಗಡಿ ತೆರೆದಳು. ಕಾರ್ಡು ಇದ್ದದ್ದು ತಮ್ಮನಿಗೊಬ್ಬನಿಗೇ; ಅದನ್ನೇ ತಂದು ಒಂದೇ ಮಧ್ಯಾಹ್ನ, ಒಂದೇ ಫೋನಿನಿಂದ, ಒಂದೇ ಮೊಲವನ್ನು ಮೂರು ಸಲ ಕೊಂಡರು. ಆಮೇಲೆ ಮೂರು ಸಲವೂ ಬೇಡವೆಂದು ಹಿಂದಿರುಗಿಸಿದರು. ಮೊಲ ಕಿಟಕಿಯ ಕಟ್ಟೆಯಿಂದ ಕದಲಲಿಲ್ಲ. ಹೊಟ್ಟೆಬಾಕ ತುತ್ತು ಉಗುಳಲಿಲ್ಲ. ಮೂರನೆಯವನು ತಿಂಗಳ ದುಡ್ಡು ಬಿಡಲಿಲ್ಲ. ಪಿಶಾಚಿ ಚಿಕ್ಕಾಸೂ ಮುಟ್ಟದೆ ಎಲ್ಲವನ್ನೂ ಹಿಂದಕ್ಕೆ ಕೊಟ್ಟಿತು.

"ಇವನೇ ಆಗ್ಲಿ. ಅನುಮಾನಪಟ್ಟರೂ ನಿಯತ್ತಿದೆ," ಎಂದಳು ಗೊಂಬೆಯಕ್ಕ.

ಮಾರನೆಯ ದಿನ ಮೂರೂ ಕಡೆಯಿಂದ ಸಂದೇಶ ಬಂತು. ಮಾತು ಬೇರೆ ಬೇರೆ, ಅರ್ಥ ಒಂದೇ: ತನ್ನ ಮಾಲನ್ನು ತಾನೇ ಕೊಂಡು ಹಿಂದಿರುಗಿಸುವುದು ವಂಚನೆಯ ಲಕ್ಷಣ, ಈ ಹೆಸರಿನ ಅಂಗಡಿಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಅವಳು ಆರಿಸಿದ ಕಂಪನಿಗೆ ಫೋನು ಮಾಡಿ, ಬಹಳ ಹೊತ್ತು ಸಂಗೀತ ಕೇಳಿದ ಮೇಲೆ ಒಬ್ಬ ಸಿಕ್ಕಿದ.

"ಮೇಡಂ, ಅಂಗಡಿನೂ ನಿಮ್ಮದೇ, ಗಿರಾಕಿ ವಿಳಾಸನೂ ನಿಮ್ಮದೇ."

"ಹೌದಪ್ಪಾ. ಪರೀಕ್ಷೆ ಮಾಡಿದ್ದು."

"ಯಾರನ್ನ?"

"ನಿಮ್ಮನ್ನೇ."

"ಈ ತೀರ್ಮಾನ ಬದಲಾಗಲ್ಲ ಮೇಡಂ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ತಮ್ಮನ ಹೆಂಡತಿ ಕಣ್ಣೊರೆಸಿಕೊಂಡಳು. "ಒಬ್ಬನನ್ನ ಮಾತ್ರ ಒಗೆದು ನೋಡಿ ಇನ್ನಿಬ್ಬರನ್ನ ಉಳಿಸ್ಕೋಬೇಕಿತ್ತು ಅತ್ತಿಗೆ." ಗೊಂಬೆಯಕ್ಕನಿಗೂ ಅದು ಹೊಳೆಯದೇ ಇರಲಿಲ್ಲ. ಆದರೆ ಅರೆಬರೆ ನೋಡಿ ಒಪ್ಪುವ ಬುದ್ಧಿ ಅವಳಿಗೆ ಯಾವತ್ತೂ ಬಂದದ್ದಲ್ಲ.

ವಿಷಯ ತಿಳಿದು ತಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. "ಇದೆಲ್ಲ ನಮಗ್ಯಾಕಕ್ಕಾ, ನಾನಿಲ್ವಾ?" ಎಂದು, ಅವಳು ಆರಿಸಿದ್ದ ಅದೇ ಕಂಪನಿಯಲ್ಲಿ ತನ್ನ ಹೆಸರು, ಬಣ್ಣದ ಅಂಗಡಿಯ ವಿಳಾಸ ಕೊಟ್ಟು ಹೊಸ ಅಂಗಡಿ ತೆರೆದ. ಅವನನ್ನು ಅವರು ಎರಡು ಮಾತಿಲ್ಲದೆ ಒಪ್ಪಿಕೊಂಡರು. ಮೊಲಗಳ ಮೇಲೆ ಮಾಲೀಕನೆಂದು ಅವನ ಹೆಸರು ಬಂತು.

"ಒಂದು ಫೋಟೊ ಹಾಕಬೇಕಕ್ಕಾ," ಎಂದು ಫೋನು ಹಿಡಿದು ಕೋಣೆಗೆ ಬಂದ. "ಹೊಲಿಯೋ ಕೈ ಕಂಡರೆ ಜನ ಇಷ್ಟಪಡ್ತಾರಂತೆ. ಮುಖ ಬೇಡ, ಕೈ ಸಾಕು."

"ದುಡ್ಡು?"

"ನಿಂಗೆ ಬೇಕಾದಾಗ ಕೇಳು. ಯಾವತ್ತಾದ್ರೂ ಇಲ್ಲ ಅಂದಿದೀನಾ?"

"ಕೇಳಬಾರದು ಅಂತಾನೇ ಕಣೋ ನಾನು ಇಷ್ಟೆಲ್ಲ ಮಾಡಿದ್ದು."

ಅವನು ಕಿಟಕಿಯ ಬೆಳಕು ಸರಿಯಾಗಿ ಬೀಳುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದ. "ಸೂಜಿ ಸ್ವಲ್ಪ ಮೇಲಕ್ಕೆ ಹಿಡಿ," ಎಂದ.

ಹಿಡಿದಳು. ಅದಕ್ಕೆ ದಾರ ಪೋಣಿಸಿರಲಿಲ್ಲ. ಅವನು ಅದನ್ನು ನೋಡಲಿಲ್ಲ, ಅವಳೂ ಹೇಳಲಿಲ್ಲ.